ಬಚ್ಚಲು ಮನೆಯ ಮರದ ಹಿಡಿ

ಹತ್ತು ಹನ್ನೆರಡು ದಿನದ ಹಿಂದೆ, ಬೆಳಿಗ್ಗೆ ಮುಖ ತೊಳೆದುಕೊಂಡು ಟವಲಿಗೆ ಕೈ ಚಾಚಿದೆ. ಟವಲು ಬಂತು. ಅದರ ಹಿಂದೆಯೇ ಅದನ್ನು ನೇತುಹಾಕಿದ್ದ ಸ್ಟೀಲಿನ ಸರಳೂ ಬಂತು. ಸರಳಿನ ಹಿಂದೆ ಅಂಗೈಯಗಲದ ಗಿಲಾವು ಗೋಡೆಯಿಂದ ಕಳಚಿಕೊಂಡು ನನ್ನ ಪಾದದ ಮೇಲೆ ಉದುರಿತು. ಪೆಟ್ಟೇನೂ ಆಗಲಿಲ್ಲ. ಬೂದಿಯಂಥ ಪುಡಿ ಕಾಲ್ಬೆರಳುಗಳ ಸಂದಿಯಲ್ಲಿ ಕೂತಿತು, ಅಷ್ಟೇ. ಬಚ್ಚಲು ಮನೆ ತುಂಬ ಹಳೆ ಗೋಡೆಯ ವಾಸನೆ ಎದ್ದಿತು. ಒದ್ದೆ ಮಣ್ಣು, ಹಳೆಯ ಸಿಮೆಂಟು, ಒಂದಿಷ್ಟು ಸೋಪು ಸೇರಿದ ವಾಸನೆ. ಹಳೆ ಮನೆಯಲ್ಲಿ ಇದ್ದವರಾದರೆ ನಿಮಗೂ ಗೊತ್ತಿರುತ್ತದೆ.

ಪೊರಕೆ ಬಾಗಿಲ ಹಿಂದೆಯೇ ಇತ್ತು. ಕೈ ತಾನಾಗಿ ಅತ್ತ ಹೋಯಿತು. ಹೋಗಿ ಅರ್ಧದಲ್ಲಿ ನಿಂತಿತು. ಯಾಕೆ ನಿಂತಿತು ಅನ್ನುವುದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯಬೇಕಾಗಿ ಬಂದಿದೆ.

ನಾನು ಬರೆಯುವವಳಲ್ಲ. ಚನ್ನಪಟ್ಟಣದ ಒಂದು ಅಂಗನವಾಡಿಯಲ್ಲಿ ವರ್ಷಗಟ್ಟಲೆ ಮಕ್ಕಳ ತೂಕ, ಎತ್ತರ, ಹಾಜರಿ ಬರೆದವಳು. ಆ ಬರವಣಿಗೆಯಲ್ಲಿ ಒಂದು ಅನುಕೂಲವಿತ್ತು. ರಿಜಿಸ್ಟರಿನಲ್ಲಿ ಅಚ್ಚಾದ ಮನೆಗಳಲ್ಲಿ ಹಿಡಿಸುವುದನ್ನು ಮಾತ್ರ ಬರೆದರೆ ಸಾಕು, ಮಿಕ್ಕಿದ್ದು ನಮ್ಮ ಜವಾಬ್ದಾರಿಯಲ್ಲ. ನಮ್ಮ ಯಜಮಾನರು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅಂಥ ಮನೆಗಳಲ್ಲಿ ಹಿಡಿಸದ್ದೇ ಈಗ ಹೆಚ್ಚು ಉಳಿದಿದೆ.

ಟವಲಿನ ಸರಳನ್ನು ಹಾಕಿದ್ದು ಬಿಡದಿಯಲ್ಲಿರುವ ನಮ್ಮ ಅಳಿಯ. ಒಳ್ಳೆಯ ಹುಡುಗ. ಒಂದು ಭಾನುವಾರ ಡ್ರಿಲ್ ಮಿಷನ್ ತಂದು, ಪ್ಲಾಸ್ಟಿಕ್ ಬಿರಡೆ ತುರುಕಿ, ಕಾಫಿ ಆರುವುದರೊಳಗೆ ಕೆಲಸ ಮುಗಿಸಿದ್ದ. ಅವನ ಮೇಲೆ ನನಗೆ ದೂರಿಲ್ಲ. ಆದರೆ ಅದರ ಎದುರು ಗೋಡೆಯಲ್ಲಿ ಇನ್ನೊಂದು ಇದೆ. ಮೊಣಕಾಲ ಎತ್ತರದಿಂದ ಭುಜದ ಎತ್ತರದವರೆಗೆ ನೆಟ್ಟಗೆ ನಿಂತ ಮರದ ಹಿಡಿ. ತೇಗದ್ದು, ಮೇಲೆ ಕಂದುಗೆಂಪು ಅರಗಿನ ಬಣ್ಣ. ನೋಡಿದವರು ಯಾವುದೋ ತೊಟ್ಟಿಲಿನ ಕಾಲು ತಂದು ಬಚ್ಚಲಿಗೆ ಹೊಡೆದಿದ್ದಾರೆ ಅಂದುಕೊಳ್ಳುತ್ತಾರೆ. ಅದು ನಮ್ಮ ಯಜಮಾನರು ಅವರ ತಾಯಿಗಾಗಿ ಮಾಡಿದ್ದು.

ಅವರು ಆಟಿಕೆ ಕೆಲಸದವರು. ಹತ್ತನೇ ವಯಸ್ಸಿಗೇ ಒಬ್ಬ ಉಸ್ತಾದರ ಕೈ ಕೆಳಗೆ ಸೇರಿ ಲೇತಿನ ಮುಂದೆ ಕೂತವರು, ಕಡೆಯವರೆಗೆ ಎದ್ದಿರಲಿಲ್ಲ. ಬುಗುರಿ, ಗಿಲಕಿ, ಗೊಂಬೆ, ಮಣಿ, ಮಕ್ಕಳು ತಳ್ಳಿಕೊಂಡು ಓಡುವ ಗಾಡಿಯ ಚಕ್ರ. ಬಿಳೀ ಆಲೆ ಮರದ ತುಂಡು ತಿರುಗುತ್ತಿರುತ್ತದೆ, ಉಳಿ ಮುಟ್ಟಿದಲ್ಲೆಲ್ಲ ಸಿಪ್ಪೆ ಸುರುಳಿಯಾಗಿ ಏಳುತ್ತದೆ. ಆಮೇಲೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತದೆ. ಕೊನೆಗೆ ತಾಳೆಗರಿಯಲ್ಲಿ ಉಜ್ಜಿದರೆ ಅದರಲ್ಲಿ ನಮ್ಮ ಮುಖ ಕಾಣುತ್ತದೆ. ಮದುವೆಯಾದ ಹೊಸತರಲ್ಲಿ ಬೈರಾಪಟ್ಟಣದಿಂದ ಬಂದ ನಾನು, ಊಟದ ಡಬ್ಬಿ ಕೊಡುವ ನೆಪದಲ್ಲಿ ಹೋಗಿ ನಿಂತು ನೋಡುತ್ತಿದ್ದೆ. ಗಂಡನನ್ನು ನೋಡುತ್ತಿದ್ದಾಳೆ ಅಂತ ಅಲ್ಲಿದ್ದವರು ನಗುತ್ತಿದ್ದರು. ನಿಜವಾಗಿ ನಾನು ನೋಡುತ್ತಿದ್ದದ್ದು ಆ ಸಿಪ್ಪೆಯನ್ನು. ಗಂಡನನ್ನು ನೋಡುವ ಬುದ್ಧಿ ನಿಧಾನಕ್ಕೆ ಬಂತು.

ಅವರ ಕೈಗೆ ಒಂದೇ ನಿಯಮ. ಮೂಲೆ ಇರಬಾರದು. ಮಗು ಮೊದಲು ಬಾಯಿಗಿಡುತ್ತದೆ, ಆಮೇಲೆ ಆಡುತ್ತದೆ ಅನ್ನುವುದು ಉಸ್ತಾದರು ಕಲಿಸಿದ ಮೊದಲ ಪಾಠ. ಮನೆಯಲ್ಲೂ ಅದೇ. ಮಣೆಯ ಅಂಚು, ಕಪಾಟಿನ ಬಾಗಿಲು, ಲಟ್ಟಣಿಗೆಯ ತುದಿ, ಎಲ್ಲವನ್ನೂ ಒಂದೊಂದಾಗಿ ತೆಗೆದುಕೊಂಡು ಹೋಗಿ ದುಂಡು ಮಾಡಿಕೊಂಡು ಬರುತ್ತಿದ್ದರು. ನಾನು ತಮಾಷೆಗೆ, "ಗೋಡೆ ಮೂಲೆನೂ ಒಸಿ ದುಂಡುಗೆ ಮಾಡ್ಬುಡಿ, ಕಸ ಗುಡ್ಸಕ್ಕೆ ಸಲೀಸಾಯ್ತದೆ" ಅಂದಿದ್ದೆ. ಅವರು ಗೋಡೆಯನ್ನು ನಿಜಕ್ಕೂ ಒಂದು ಸಲ ನೋಡಿದರು.

ಇನ್ನು ನಮ್ಮ ಅತ್ತೆ. ಅವರ ಮಂಡಿ ಎರಡೂ ಕೈಕೊಟ್ಟಾಗ ವಯಸ್ಸು ಎಪ್ಪತ್ತು ದಾಟಿತ್ತು. ನಡೆಯುವುದು ಹೇಗೋ ನಡೆಯುತ್ತಿತ್ತು. ಬಚ್ಚಲ ಕಲ್ಲಿನ ಮೇಲೆ ಕೂತರೆ ಏಳುವುದಕ್ಕೆ ಆಗುತ್ತಿರಲಿಲ್ಲ. ಒಂದು ದಿನ ಅರ್ಧ ಗಂಟೆ ಹಾಗೇ ಕೂತಿದ್ದರು, ಕೂಗಿರಲಿಲ್ಲ. ನಾನು ಬಾಗಿಲು ತಟ್ಟಿದಾಗ ಒಳಗಿಂದ, "ಇನ್ನೂ ಒಸಿ ನೀರೈತೆ, ಮುಗುಸ್ಕಂಡು ಬತ್ತೀನಿ" ಅಂದರು. ಹಂಡೆಯ ನೀರು ಯಾವಾಗಲೋ ಮುಗಿದಿತ್ತು. ನಾನೇ ಸ್ನಾನ ಮಾಡಿಸುತ್ತೇನೆ ಅಂತ ಅವತ್ತು ಹೇಳಿದೆ. ಅತ್ತೆ ನನ್ನ ಮುಖವನ್ನೂ ನೋಡಲಿಲ್ಲ.

"ನಾನಿನ್ನೂ ಹೆಣ ಆಗಿಲ್ಲ ಕಣಮ್ಮಿ. ಇನ್ನೊಬ್ರ ಕೈಲಿ ನೀರುಯ್ಯಿಸ್ಕಳಾದು ಕೊನೇಗೊಂದಿನ ಇದ್ದೇ ಐತೆ. ಅವತ್ತು ನೀನೇ ಉಯ್ಯಿವಂತೆ."

ಮಾತು ಅಲ್ಲಿಗೆ ಮುಗಿಯಿತು. ಆದರೆ ಅದನ್ನು ಹೊಸಿಲ ಮೇಲೆ ಕೂತಿದ್ದ ಅವರ ಮಗನೂ ಕೇಳಿಸಿಕೊಂಡಿದ್ದರು. ತಾಯಿ ಬದುಕಿರುವಷ್ಟು ದಿನ ತಾನೇ ಕೂತು, ತಾನೇ ಎದ್ದು, ಯಾರ ಕಣ್ಣಿಗೂ ಬೀಳದೆ ಸ್ನಾನ ಮಾಡಬೇಕು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮಾರನೇ ದಿನ ಹಳೆಯ ಬಾಗಿಲ ಚೌಕಟ್ಟಿನ ತೇಗದ ತುಂಡೊಂದನ್ನು ಹೆಗಲ ಮೇಲೆ ಹೊತ್ತುಕೊಂಡು ಕಾರ್ಖಾನೆಗೆ ಹೋದರು.

ಅಂಗಡಿಯಲ್ಲಿ ಸ್ಟೀಲಿನದು ಸಿಗುತ್ತದಲ್ಲ ಅಂದೆ. "ಸೋಪಿನ ಕೈಗೆ ಸ್ಟೀಲು ನಿಲ್ಲಲ್ಲ" ಅಂದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ತಾಯಿಯ ತಟ್ಟೆಯ ಪಕ್ಕ ಇನ್ನೊಂದು ಚಿಕ್ಕ ಮುದ್ದೆ ಇಟ್ಟರು. "ಇದ್ನ ಉಣ್ಬ್ಯಾಡ ಕಣವ್ವ. ಎದ್ದೇಳಕ್ಕೆ ಹಿಡ್ಕತೀಯಲ್ಲ, ಅಂಗೆ ಒಂದ್ಸಲ ಅಮುಕು" ಅಂದರು. ಅತ್ತೆ ಅಮುಕಿದರು. ಬೆರಳುಗಳ ನಡುವೆ ಮುದ್ದೆ ಎಷ್ಟು ದಪ್ಪ ಉಳಿಯಿತೋ ಅದನ್ನು ಅವರು ಕ್ಯಾಲಿಪರಿನಲ್ಲಿ ಅಳೆದುಕೊಂಡರು. "ನಲವತ್ ವರ್ಸ ಮುದ್ದೆ ಕಟ್ಟಿದ ಕೈ. ಈಗ ಮುದ್ದೆ ನನ್ನ ಅಳೀತೈತೆ" ಅಂದು ಅತ್ತೆ ಅದನ್ನೂ ಸಾರಿಗೆ ಅದ್ದಿಕೊಂಡು ನುಂಗಿದರು.

ಹಿಡಿ ಬಂತು. ಎಂಥ ಹಿಡಿ ಅಂತೀರಿ. ಬೆರಳು ಕೂರುವಲ್ಲಿ ಗೀರುಗಳು, ಕೆಳಗೆ ಮೂರು, ನಡುವೆ ಮೂರು, ಮೇಲೆ ಮೂರು. ಏಳುವಾಗ ಕೆಳಗಿನ ಗೀರು, ಅರ್ಧ ಎದ್ದ ಮೇಲೆ ನಡುವಿನದು, ನಿಂತ ಮೇಲೆ ಮೇಲಿನದು. ಕಣ್ಣಿಗೆ ಸೋಪು ಹೋಗಿದ್ದರೂ ಕೈಗೆ ದಾರಿ ತಿಳಿಯಬೇಕು. ಎರಡು ತುದಿಯಲ್ಲಿ ಗೋಡೆಗೆ ಆನಿಸುವ ದಪ್ಪ ಗುಂಡುಗಳು, ಅವುಗಳ ಮೂಲಕ ಉದ್ದನೆಯ ಸ್ಕ್ರೂಗಳು. ಸ್ಕ್ರೂ ಕಚ್ಚಿಕೊಳ್ಳುವುದಕ್ಕೆ ಗೋಡೆಯೊಳಗೆ ಮರದ ಬೆಣೆ ಬೇಕಲ್ಲ, ನಾಲ್ಕು ಬೆಣೆ. ಅವನ್ನೂ ಅವರೇ ಲೇತಿನ ಮೇಲೆ ಕಡೆದಿದ್ದರು. ಮಕ್ಕಳ ಬೆರಳಿನಷ್ಟು ಉದ್ದ, ತುದಿಗೆ ಚೂಪಾಗಿ ದುಂಡಗೆ. ಅಷ್ಟು ಸಾಲದು ಎಂದು ಕೆಂಪು ಅರಗು ಕೊಟ್ಟು, ತಾಳೆಗರಿಯಲ್ಲಿ ಉಜ್ಜಿ ಮಿಂಚಿಸಿದ್ದರು. ಗೋಡೆಯೊಳಗೆ ಹೋಗುವ ವಸ್ತುವಿಗೆ ಇಷ್ಟು ಚಂದ ಯಾಕೆ ಎಂದು ಕೇಳಬೇಕಾದವಳು ನಾನು. ಕೇಳುವ ಬದಲು ಒಂದು ತಟ್ಟೆಯಲ್ಲಿಟ್ಟುಕೊಂಡು ಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದೆ.

ಭಾನುವಾರ ಹಿಡಿ ಗೋಡೆಗೆ ಕೂತಿತು. ಅತ್ತೆ ಅವತ್ತೇ ಹಿಡಿದುಕೊಂಡು ಕೂತರು, ಹಿಡಿದುಕೊಂಡು ಎದ್ದರು. ಈಚೆ ಬಂದು ತಲೆ ಒರೆಸಿಕೊಳ್ಳುತ್ತ, "ಲೇ ಸಿದ್ದ, ಚೆಂದಾಗೈತೆ ಕಣ್ಲಾ" ಅಂದರು. ಆ ಮಾತಿಗೆ ನಮ್ಮ ಯಜಮಾನರು ಅವತ್ತು ಇನ್ನೊಂದು ಮುದ್ದೆ ಹೆಚ್ಚು ಉಂಡರು.

ಸೋಮವಾರ ಬೆಳಿಗ್ಗೆ ಬಚ್ಚಲು ತೊಳೆಯಲು ಹೋದೆ. ಹಿಡಿಯ ಬುಡದಲ್ಲಿ, ನೆಲದ ಮೇಲೆ, ಒಂದು ಚಿಟಿಕೆ ಬಿಳಿ ಪುಡಿ ಬಿದ್ದಿತ್ತು. ನೋಡಿದೆ. ಹೊಸ ಕೆಲಸ, ಮಿಕ್ಕ ಪುಡಿ ಉದುರಿರಬೇಕು ಅಂದುಕೊಂಡು ಗುಡಿಸಿದೆ. ಮಂಗಳವಾರವೂ ಇತ್ತು. ಸ್ವಲ್ಪ ಹೆಚ್ಚೇ ಇತ್ತು. ಹೇಳಬೇಕು ಅನ್ನಿಸಿತು. ಅವರು ಎರಡು ದಿನದಿಂದ ಅಷ್ಟು ಸಂತೋಷವಾಗಿದ್ದರು, ಶಿಳ್ಳೆ ಹಾಕಿಕೊಂಡು ಗಡ್ಡ ಕೆರೆಯುತ್ತಿದ್ದರು. ಅಂಗನವಾಡಿಗೂ ಹೊತ್ತಾಗಿತ್ತು. ಗುಡಿಸಿ, ಮೇಲೊಂದು ಚೊಂಬು ನೀರು ಹುಯ್ದು ಹೋದೆ.

ಬುಧವಾರ ಅತ್ತೆ ಬಿದ್ದರು.

ನಾನು ಅಡುಗೆ ಮನೆಯಲ್ಲಿದ್ದೆ, ಯಜಮಾನರು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದರು. ದೊಪ್ಪೆಂದು ಸದ್ದಾಯಿತು. ಇಬ್ಬರೂ ಓಡಿದೆವು. ಅತ್ತೆ ಸೀರೆ ಸುತ್ತಿಕೊಂಡೇ ಸ್ನಾನ ಮಾಡುವವರು, ಹಾಗೇ ನೆಲದ ಮೇಲೆ ಕುಸಿದು ಕೂತಿದ್ದರು. ಎರಡೂ ಕೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಹಿಡಿಯ ತುದಿಗಳಲ್ಲಿ ಸ್ಕ್ರೂ, ಸ್ಕ್ರೂಗಳ ತುದಿಯಲ್ಲಿ ನಾಲ್ಕು ಕೆಂಪು ಬೆಣೆ. ಸುತ್ತ ಗೋಡೆಯ ಚೂರುಗಳು.

"ನಿನ್ ಹಿಡಿ ನಾನು ಬುಟ್ಟಿಲ್ಲ ಕಣ್ಲಾ" ಅಂದರು ಅತ್ತೆ. "ಗೋಡೆನೇ ಬುಟ್ಬುಡ್ತು."

ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಸೊಂಟದ ಒಂದು ಬದಿ ಊದಿಕೊಂಡಿತು. ನಾನು ಉಪ್ಪಿನ ಶಾಖ ಕೊಟ್ಟೆ. ಅವರು ಕೆಲಸಕ್ಕೆ ಹೋಗಲಿಲ್ಲ. ಬಚ್ಚಲಿನಲ್ಲಿ ಕೂತು ಆ ನಾಲ್ಕು ಬೆಣೆಗಳನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಗಲಾದರೂ ಹೇಳಬೇಕಿತ್ತು. ನಾನು ಉಪ್ಪು ಹುರಿಯುತ್ತಿದ್ದೆ.

ಸಂಜೆ ಗಾರೆ ಕೆಲಸದ ಕೆಂಪಯ್ಯಣ್ಣನನ್ನು ಕರೆದುಕೊಂಡು ಬಂದರು. ಇಬ್ಬರೂ ಒಂದೇ ಬೀದಿಯಲ್ಲಿ ಗೋಲಿ ಆಡಿ ಬೆಳೆದವರು. ಕೆಂಪಯ್ಯಣ್ಣನ ಬಾಯಿ ಕರಣೆಗಿಂತ ಹರಿತ. ಅವನನ್ನು ಕರೆದರೆ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕರೆದರು. ಅವನು ಒಂದು ಬೆಣೆಯನ್ನು ಎರಡು ಬೆರಳಲ್ಲಿ ಹಿಡಿದು ದೀಪದ ಬೆಳಕಿಗೆ ತಿರುಗಿಸಿದ. ಆಮೇಲೆ ಬಚ್ಚಲ ಕಲ್ಲಿನ ಮೇಲಿಟ್ಟು ಬೆರಳಲ್ಲಿ ಚಿಮ್ಮಿದ. ಅದು ಗಿರಗಿರ ತಿರುಗಿತು.

"ಏನ್ಲಾ ಸಿದ್ದ, ಗೋಡೆಗೆ ಬುಗುರಿ ಹೊಡ್ದಿದ್ದೀಯಲ್ಲ."

ಅವರು ತಿರುಗುವ ಬೆಣೆಯ ಮೇಲೆ ಅಂಗೈ ಮುಚ್ಚಿ ನಿಲ್ಲಿಸಿದರು.

"ಅದ್ಯಾಕ್ಲಾ ಇಂಗ್ ನುಣ್ಣುಗ್ ಮಾಡ್ದೆ? ಗೋಡೆ ಏನ್ ಇದ್ನ ಬಾಯಿಗಿಕ್ಕತದಾ?"

ನನಗೆ ನಗು ಬಂತು, ತಡೆದುಕೊಂಡೆ. ಅವರೂ ನಕ್ಕರು. "ಕೈ ಕೇಳಲಿಲ್ಲ ಕಣ್ಲಾ, ತಾನೇ ಉಜ್ಬುಡ್ತು" ಅಂದರು.

ಆಮೇಲೆ ಕೆಂಪಯ್ಯಣ್ಣ ತಮಾಷೆ ಬಿಟ್ಟು ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ದುಂಡಗಿನ ಬೆಣೆ ಸ್ಕ್ರೂ ತಿರುಗಿಸಿದಾಗ ತಾನೂ ತಿರುಗುತ್ತದೆ, ಗೋಡೆಯನ್ನು ಒಳಗೇ ಅರೆಯುತ್ತದೆ. ಅರಗು ಬಳಿದದ್ದನ್ನು ಸಿಮೆಂಟು ಹಿಡಿಯುವುದಿಲ್ಲ. ಬೆಣೆಗೆ ಮೂಲೆ ಇರಬೇಕು, ಮೈ ಒರಟಾಗಿರಬೇಕು. ಇದು ಒಂದು. ಇನ್ನೊಂದು ಗೋಡೆಯದು. ಅವನು ಕರಣೆಯ ಹಿಡಿಯಿಂದ ಗೋಡೆಯನ್ನು ಮೆಲ್ಲಗೆ ತಟ್ಟುತ್ತ ಹೋದ. ಒಂದು ಕಡೆ ಟಕ್ ಟಕ್, ಒಂದು ಕಡೆ ಡಬ್ ಡಬ್. "ಕೇಳುಸ್ತಾ? ಇಲ್ಲಿ ಗಿಲಾವು ಒಂದೇ ನಿಂತೈತೆ, ಹಿಂದಕ್ಕೆ ಗೋಡೆ ಇಲ್ಲ" ಅಂದ. ನಮ್ಮದು ಹಸಿ ಇಟ್ಟಿಗೆಯ ಮನೆ, ಮೇಲೆ ಸಿಮೆಂಟಿನ ಗಿಲಾವು. ವರ್ಷಗಟ್ಟಲೆ ನೀರು ಕುಡಿದು ಇಟ್ಟಿಗೆ ಒಳಗೇ ಮಣ್ಣಾಗಿತ್ತು, ಗಿಲಾವು ತೆಳ್ಳಗಿನ ಚಿಪ್ಪಿನ ಹಾಗೆ ಈಚೆ ನಿಂತಿತ್ತು. ಹೊರಗಿಂದ ನೋಡಿದರೆ ಗೋಡೆ ಗಟ್ಟಿಮುಟ್ಟಾಗಿತ್ತು, ಸುಣ್ಣ ಕೂಡ ಹೊಸದು.

"ನಾಳಿಕ್ ಬಂದು ನಾನೇ ಮಾಡಿಕ್ಕೊಡ್ತೀನಿ ಬುಡು" ಅಂದ ಕೆಂಪಯ್ಯಣ್ಣ.

"ಬ್ಯಾಡ. ನೀನು ಪಕ್ಕದಲ್ಲಿ ಕೂತ್ಕಂಡು ಬೈಯ್ಯಿ ಸಾಕು. ಮಾಡಾದು ನಾನೇ" ಅಂದರು ಅವರು.

ಅದೇ ನಾನು ಅವರಲ್ಲಿ ಕಂಡ ದೊಡ್ಡ ಗುಣ. ನಮ್ಮೂರಲ್ಲಿ ಅವರ ಹಾಗೆ ದುಂಡಗೆ ಕಡೆಯುವವರು ನಾಲ್ಕೈದು ಜನ ಇದ್ದರೆ ಹೆಚ್ಚು. ಅಂಥವರು ಚಡ್ಡಿ ಏರಿಸಿಕೊಂಡು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು, ಗೆಳೆಯನ ಕೈಲಿ ಬೈಸಿಕೊಳ್ಳುತ್ತ, ಕೆಲಸವನ್ನು ಮೊದಲಿಂದ ಕಲಿತರು. ಚಾಣದ ಉಳಿ ಇಟ್ಟು ಪೊಳ್ಳಾದ ಗಿಲಾವನ್ನೆಲ್ಲ ಕೆಡವಿದರು. ಇಷ್ಟು ಸಾಕೇನೋ ಅಂದಾಗಲೆಲ್ಲ ಕೆಂಪಯ್ಯಣ್ಣ, "ತಟ್ಟಿ ನೋಡು" ಅನ್ನುವನು. ಡಬ್ ಅಂದರೆ ಮತ್ತೆ ಕೆಡವು. ಅಂಗೈಯಗಲದ ತೂತು ಮೊರದಗಲವಾಯಿತು. ಮಣ್ಣಾದ ಇಟ್ಟಿಗೆಗಳನ್ನು ತೆಗೆದು ಸುಟ್ಟ ಇಟ್ಟಿಗೆ ಕೂರಿಸಿದರು. ಅವುಗಳ ನಡುವೆ, ಹಿಡಿಯ ಎರಡು ತುದಿ ಬರುವಲ್ಲಿ, ಎರಡು ಗೂಡು ಬಿಟ್ಟರು. ಬಾಯಿ ಕಿರಿದು, ಒಳಗೆ ಅಗಲ.

ಆ ಗೂಡಿಗೆ ಜಾಲಿ ಮರದ ತುಂಡು ಬೇಕು. ಅದೂ ಹಿಂದೆ ಅಗಲ, ಮುಂದೆ ಕಿರಿದಾಗಿ, ನಾಲ್ಕು ಮೂಲೆ ಇರುವಂಥದ್ದು. ಎಳೆದಷ್ಟೂ ಬಿಗಿಯಾಗಬೇಕು. ಇದು ಅವರಿಗೆ ಎಷ್ಟು ಕಷ್ಟವಾಯಿತು ಅಂತ ನೋಡಬೇಕಿತ್ತು. ಲೇತಿಗೆ ಹಾಕುವ ಹಾಗಿಲ್ಲ, ಗರಗಸದಲ್ಲೇ ಕೊಯ್ಯಬೇಕು. ಮೊದಲನೆಯದು ಒಂದು ಕಡೆ ವಾಲಿತು. ಎರಡನೆಯದು ನೋಡಿ ಕೆಂಪಯ್ಯಣ್ಣ, "ಇದು ನಾಯಿ ಕಡ್ದ ಬೆಲ್ಲದಂಗೈತೆ" ಅಂದ. ಮೂರನೆಯದು ಸರಿಯಾಯಿತು. ನನ್ನ ಕಣ್ಣೆದುರಿಗೇ ಅವರ ಹೆಬ್ಬೆರಳು ಅದರ ಅಂಚನ್ನು ಸವರಿತು, ಉಜ್ಜುವ ಕಾಗದಕ್ಕೆ ಕೈ ಹೋಯಿತು. ಅರ್ಧದಲ್ಲಿ ತಮ್ಮ ಕೈಯನ್ನು ತಾವೇ ನೋಡಿ ವಾಪಸು ತೆಗೆದುಕೊಂಡರು. ಆಮೇಲೆ ಅಂಥದ್ದೇ ಇನ್ನೊಂದನ್ನು ಕೊಯ್ದು, ತುಂಡುಗಳೆರಡನ್ನೂ ಎರಡು ದಿನ ಹೊಂಗೆ ಎಣ್ಣೆಯಲ್ಲಿ ನೆನೆಹಾಕಿ, ಸುತ್ತ ಮೊಳೆಗಳನ್ನು ಅರ್ಧರ್ಧ ಹೊಡೆದು ಮುಳ್ಳುಮುಳ್ಳಾಗಿ ಬಿಟ್ಟರು. ಮಕ್ಕಳ ಕೈಗೆ ಚುಚ್ಚಬಾರದು ಎಂದು ಬದುಕಿಡೀ ಉಜ್ಜಿದ ಮನುಷ್ಯ ಮುಳ್ಳಿನ ಆಟಿಕೆ ಮಾಡಿದ್ದು ಅದೊಂದೇ ಸಲ. ಗೂಡಿಗೆ ನೀರು ಚಿಮುಕಿಸಿ, ಸಣ್ಣ ಜಲ್ಲಿ ಬೆರೆಸಿದ ಗಾರೆ ತುಂಬಿ, ತುಂಡುಗಳನ್ನು ಹೂತರು. ಮೇಲೆ ಗಿಲಾವು ಎಳೆದು ಒದ್ದೆ ಗೋಣಿಚೀಲ ಹೊದಿಸಿದರು.

"ಹತ್ತು ದಿನ ಮುಟ್ಬ್ಯಾಡ" ಅಂದ ಕೆಂಪಯ್ಯಣ್ಣ. "ದಿನಕ್ ಮೂರ್ ಸಲ ನೀರ್ ಕುಡ್ಸು. ಅವಸರ ಮಾಡಿದ್ಯೋ, ನಿಮ್ಮವ್ವ ಇನ್ನೊಂದ್ಸಲ ಬಿದ್ದೋಯ್ತಳೆ."

ಹತ್ತು ದಿನ ಅತ್ತೆಯ ಸ್ನಾನಕ್ಕೆ ಏನು ಗತಿ? ಅತ್ತೆಯ ಹಟ ಮೊದಲಿನದೇ. ನಾನು ಒಳಗೆ ಬರಕೂಡದು. ಕೊನೆಗೆ ನಮ್ಮ ಯಜಮಾನರೇ ದಾರಿ ಕಂಡುಕೊಂಡರು. ಬಚ್ಚಲ ಬಾಗಿಲಿಗೆ ಒಂದು ಹಳೆ ಸೀರೆಯ ಪರದೆ ಕಟ್ಟಿದರು. ಹೊರಗೆ ಮಣೆ ಹಾಕಿಕೊಂಡು, ಬೆನ್ನು ಅತ್ತ ಮಾಡಿ ಕೂತು, ಬಲಗೈಯನ್ನು ಪರದೆಯ ಸಂದಿಯಿಂದ ಒಳಗೆ ಚಾಚಿದರು. ಅತ್ತೆ ಆ ಕೈ ಹಿಡಿದುಕೊಂಡು ಕೂತರು, ಆ ಕೈ ಹಿಡಿದುಕೊಂಡು ಎದ್ದರು. ಹತ್ತು ದಿನವೂ ಹಾಗೇ. ಹಂಡೆ ಖಾಲಿಯಾಗುವವರೆಗೆ ಕೈ ಚಾಚಿಕೊಂಡೇ ಕೂತಿರುತ್ತಿದ್ದರು.

ಒಳಗಿಂದ ಅತ್ತೆಯ ದನಿ ಬರುತ್ತಿತ್ತು. "ಅಲ್ಲಾಡ್ತೀಯಲ್ಲೋ. ನಿಂಗೂ ಒಂದ್ ಬೆಣೆ ಹೊಡುಸ್ಬೇಕು."

"ಹೊಡುಸವ್ವ. ಮೂಲೆ ಇರಾದು ನೋಡಿ ಹೊಡುಸು."

ಒಂದು ದಿನ ಅತ್ತೆ ತೆಗೆದ ಒದ್ದೆ ಸೀರೆಯನ್ನು ಮಗನ ತೋಳ ಮೇಲೇ ಇಳಿಬಿಟ್ಟರು. ಅವರು ಹೊರಗಿಂದ, "ಅವ್ವ, ಭಾರ" ಅಂದರು. "ಇರ್ಲಿ, ಸೀರೆ ನೇತಾಕಕ್ಕೂ ಆಯ್ತೀಯ" ಅಂತ ಒಳಗಿಂದ ಉತ್ತರ. ತಾಯಿ ಮಗ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಡುವೆ ಪರದೆ ಇದ್ದುದರಿಂದಲೋ ಏನೋ.

ನಡುವೆ ಒಂದು ದಿನ ನಾನು ತಡೆಯಲಾರದೆ, "ಇವತ್ತು ನಾನು ಕೈ ಕೊಡ್ತೀನಿ, ನೀವು ಕೆಲ್ಸಕ್ ಹೋಗಿ" ಅಂದೆ. ಅತ್ತೆ ನನ್ನ ಕೈಯನ್ನು ಒಳಗಿಂದ ಒಂದು ಸಲ ಹಿಡಿದು ನೋಡಿ, "ಇದು ಬ್ಯಾಡ ಕಣಪ್ಪ, ಒಣಗಿದ ಸೀಗೇಕಾಯಿ ಹಿಡ್ಕಂಡಂಗೈತೆ" ಅಂದರು. ಯಜಮಾನರು ನಗುತ್ತ ನನ್ನನ್ನು ಏಳಿಸಿ ತಾವು ಕೂತರು. "ತಪ್ಪು ನಂದು. ಕೈನೂ ನಂದೇ ಇರ್ಲಿ" ಅಂದರು.

ನಾನು ಅಡುಗೆ ಮನೆಗೆ ಹೋದೆ. ಸೋಮವಾರದ ಪುಡಿಯನ್ನೂ ಮಂಗಳವಾರದ ಪುಡಿಯನ್ನೂ ಗುಡಿಸಿದ್ದು ನಾನು. ತಪ್ಪು ಅರ್ಧ ನನ್ನದು ಅಂತ ಹೇಳಲು ನಾಲ್ಕು ಹೆಜ್ಜೆ ವಾಪಸು ಹೋಗಬೇಕಿತ್ತು. ಹೋಗಲಿಲ್ಲ. ಆಮೇಲೆ ಹೇಳೋಣ ಅಂದುಕೊಂಡೆ. ಹೇಳದೆ ಇರಿಸಿಕೊಂಡ ಮಾತು ಮೊದಮೊದಲು ಚುಚ್ಚುತ್ತದೆ. ಬರಬರುತ್ತ ಅದರ ಅಂಚು ಸವೆದು ನುಣ್ಣಗಾಗುತ್ತದೆ, ಕೈಗೆ ಸಿಕ್ಕಿದರೂ ಇದೇನೂ ಅಲ್ಲವೆಂದು ಬದಿಗಿಡುವ ಹಾಗಾಗುತ್ತದೆ.

ಹನ್ನೊಂದನೇ ದಿನ ಹಿಡಿ ಮತ್ತೆ ಗೋಡೆಗೆ ಏರಿತು. ಸ್ಕ್ರೂ ಜಾಲಿ ಮರಕ್ಕೆ ಇಳಿಯುವಾಗ ಕಿರ್ ಕಿರ್ ಎನ್ನುತ್ತಿತ್ತು, ಅಷ್ಟು ಬಿಗಿ. ತಾಯಿಗೆ ಕೊಡುವ ಮೊದಲು ಅವರು ತಾವೇ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಮಡಿಸಿ ಪೂರ್ತಿ ಜೋತುಬಿದ್ದರು. ಆಮೇಲೆ ಕೆಂಪಯ್ಯಣ್ಣ ಜೋತುಬಿದ್ದ, ಅವನು ಅವರಿಗಿಂತ ಒಂದೂವರೆ ಪಾಲು. ಆಮೇಲೆ ನನ್ನ ಕಡೆ ತಿರುಗಿದರು.

"ನೀನೂ ಬಾ."

"ನಾನ್ಯಾಕೆ? ನೀವಿಬ್ರು ಸಾಕಲ್ವ?"

"ನಾಳೆ ಇದ್ನ ಹಿಡ್ಕಳವ್ಳು ನೀನೂ ತಾನೆ."

ಕೆಂಪಯ್ಯಣ್ಣ ಮರ್ಯಾದೆಗೆ ಮುಖ ತಿರುಗಿಸಿಕೊಂಡ. ನಾನು ಸೆರಗು ಸಿಕ್ಕಿಸಿ, ಹಿಡಿದು, ಕಾಲು ಎತ್ತಿದೆ. ಒಂದು ಗಳಿಗೆ ಈ ಭೂಮಿಯ ಮೇಲೆ ನನ್ನ ಭಾರವನ್ನೆಲ್ಲ ಆ ಗೋಡೆ ಹೊತ್ತಿತ್ತು. ಅಲ್ಲಾಡಲಿಲ್ಲ. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಗೋಡೆಯ ಬುಡ ನೋಡುತ್ತಿದ್ದರು. ಪುಡಿ ಬೀಳುತ್ತದೆಯೋ ಎಂದು.

ಅತ್ತೆ ಆಮೇಲೆ ನಾಲ್ಕು ವರ್ಷ ಇದ್ದರು. ಕೊನೆಯ ದಿನದ ಹಿಂದಿನ ದಿನದವರೆಗೂ ತಾವೇ ಸ್ನಾನ ಮಾಡಿದರು. ಅವರು ಹೇಳಿದ್ದ ಆ ಒಂದು ದಿನ ಬಂದಾಗ ನಾನೇ ನೀರು ಹುಯ್ದೆ.

ನಮ್ಮ ಯಜಮಾನರು ಹಿಡಿ ಕಿತ್ತುಬಂದ ಆ ಘಟನೆಯ ನಂತರ ಒಂದು ಹೊಸ ಅಭ್ಯಾಸ ಮಾಡಿಕೊಂಡಿದ್ದರು. ಬಿಡುವಾದಾಗಲೆಲ್ಲ ಚಾಕುವಿನಲ್ಲಿ ನಾಲ್ಕು ಮೂಲೆಯ ಚಿಕ್ಕ ಬೆಣೆಗಳನ್ನು ಕೆತ್ತಿ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು. ಬೀದಿಯಲ್ಲಿ ಯಾರು ಕನ್ನಡಿ ಹಾಕಲಿ, ಕ್ಯಾಲೆಂಡರ್ ಹಾಕಲಿ, ಡಬ್ಬಿ ಹಿಡಿದು ಹೋಗುತ್ತಿದ್ದರು. ಮೊದಲು ಗೋಡೆ ತಟ್ಟುವುದು, ಕಿವಿಯಿಟ್ಟು ಕೇಳುವುದು. ನೋಡುವವರಿಗೆ ನಗು ಬರುತ್ತಿತ್ತು. ಹೋದ ವರ್ಷ ಒಂದು ಮಧ್ಯಾಹ್ನ ಲೇತಿನ ಮುಂದೆ ಕೂತವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಅವರ ಲೇತಿನಲ್ಲಿ ಸಿಕ್ಕಿಕೊಂಡಿದ್ದ ಅರ್ಧ ಬುಗುರಿಯನ್ನು ಕಾರ್ಖಾನೆಯವರು ತಂದು ಕೊಟ್ಟರು.

ಅವತ್ತಿನಿಂದ ನಾನು ಆ ಮರದ ಹಿಡಿ ಮುಟ್ಟಿಲ್ಲ. ನನಗೂ ಈಗ ಮಂಡಿ ನೋವು ಶುರುವಾಗಿದೆ, ಬಕೆಟ್ಟಿನ ಅಂಚು ಹಿಡಿದು ಏಳುತ್ತೇನೆ. ಮಗಳು ಬೈಯುತ್ತಾಳೆ. ಕಾರಣ ಅವಳಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಅದು ಕಿತ್ತುಬಂದರೆ ಅನ್ನುವ ಭಯ. ಕಿತ್ತುಬಂದರೆ ಈಗ ಪರದೆಯ ಸಂದಿಯಿಂದ ಚಾಚುವ ಕೈ ಇಲ್ಲ.

ಈ ಸಲ ಪುಡಿ ಬಿದ್ದಾಗ ಪೊರಕೆಯನ್ನು ಅಲ್ಲೇ ಬಿಟ್ಟು, ಕೂತು ನೋಡಿದೆ. ಎಲ್ಲಿಂದ ಬಿದ್ದಿದೆ, ಎಷ್ಟು ಬಿದ್ದಿದೆ. ಮಗಳು ಫೋನಿನಲ್ಲಿ, "ಡ್ರಿಲ್ ಮಾಡೋರ್ನ ಕಳುಸ್ತೀನಿ ಕಣಮ್ಮ" ಅಂದಳು. ಬೇಡ ಅಂದೆ. ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಒಂದು ಹಿಡಿಯಷ್ಟು ಬೆಣೆ ಉಳಿದಿದ್ದವು, ಎಲ್ಲಕ್ಕೂ ನಾಲ್ಕು ಮೂಲೆ. ತಳದಲ್ಲಿ, ಒಂದು ಬಟ್ಟೆಯ ಚೂರಿನಲ್ಲಿ, ಒಂದು ದುಂಡಗಿನ ಕೆಂಪು ಬೆಣೆ. ಈಗಲೂ ಅದರಲ್ಲಿ ಮುಖ ಕಾಣುತ್ತದೆ. ತಮ್ಮ ತಪ್ಪನ್ನು ಎಸೆಯದೆ, ಸರಿಯಾದವುಗಳ ಜೊತೆಯಲ್ಲೇ ಇಟ್ಟುಕೊಂಡು ಊರೆಲ್ಲ ಓಡಾಡಿದ್ದರು. ನಾನು ನನ್ನದನ್ನು ಯಾವ ಡಬ್ಬಿಯಲ್ಲೂ ಇಟ್ಟಿರಲಿಲ್ಲ.

ಗೋಡೆ ತಟ್ಟಿದೆ. ಟಕ್, ಟಕ್, ಡಬ್. ಡಬ್ ಅಂದಲ್ಲೆಲ್ಲ ಕೆಡವಿದೆ. ಅಂಗಡಿಯಿಂದ ಎರಡು ಕೆಜಿ ಸಿಮೆಂಟು ತಂದು ಕಲಸಿದೆ. ಮೊದಲ ಸಲ ದೋಸೆ ಹಿಟ್ಟಿನಷ್ಟು ನೀರಾಗಿ ಅರ್ಧ ನನ್ನ ಸೀರೆಗೇ ಗಿಲಾವಾಯಿತು. ಎರಡನೇ ಸಲ ಮುದ್ದೆಯ ಹದಕ್ಕೆ ಕಲಸಿದೆ, ನಿಂತಿತು. ಅದರೊಳಗೆ ಅವರ ಎರಡು ಬೆಣೆ ಹೂತೆ. ಮೇಲೆ ಕರಣೆ ಎಳೆದದ್ದು ನೆಟ್ಟಗೆ ಬಂದಿಲ್ಲ, ಕೆಂಪಯ್ಯಣ್ಣ ನೋಡಿದರೆ ನಾಯಿ ಕಡಿದ ಬೆಲ್ಲದ ಮಾತನ್ನು ಮತ್ತೆ ತೆಗೆಯುತ್ತಾನೆ. ದಿನಕ್ಕೆ ಮೂರು ಸಲ ನೀರು ಕುಡಿಸಿದೆ. ಟವಲನ್ನು ಹತ್ತು ದಿನ ಹೆಗಲ ಮೇಲೆ ಹಾಕಿಕೊಂಡೆ.

ಇವತ್ತು ಬೆಳಿಗ್ಗೆ ಸ್ಕ್ರೂ ತಿರುಗಿಸಿದೆ. ಕಿರ್ ಎಂದಿತು. ಸರಳು ನಿಂತಿತು, ಟವಲು ಹಾಕಿದೆ. ಹಾಗೇ ಹೊರಗೆ ಬರಬಹುದಿತ್ತು. ತಿರುಗಿ ಎದುರು ಗೋಡೆಯ ಮುಂದೆ ನಿಂತೆ. ಅತ್ತೆಯ ಕೈಯ ಅಳತೆಗೆ ಮಾಡಿದ ಗೀರುಗಳಲ್ಲಿ ನನ್ನ ಬೆರಳುಗಳನ್ನು ಕೂರಿಸಿದೆ. ಸರಿಯಾಗಿ ಕೂತವು. ಇಷ್ಟು ವರ್ಷದಲ್ಲಿ ಸೀಗೇಕಾಯಿಗೂ ಮೈ ಬಂದಿದೆ.

"ಅವತ್ತೇ ಪುಡಿ ಬಿದ್ದಿತ್ತು. ಎರಡು ದಿನ ಬಿದ್ದಿತ್ತು. ನಾನೇ ಗುಡ್ಸಾಕ್ಬುಟ್ಟೆ" ಅಂದೆ. ಬೇರೆ ಯಾರಿಗೂ ಕೇಳಿಸದಷ್ಟು, ಗೋಡೆಗೆ ಕೇಳಿಸುವಷ್ಟು.

ಆಮೇಲೆ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಾಲು ಎತ್ತಿದೆ. ಎಣಿಸಲಿಲ್ಲ. ತೋಳು ನೋಯುವವರೆಗೆ ಹಾಗೇ ಇದ್ದೆ. ಕಾಲು ಕೆಳಗಿಟ್ಟ ಮೇಲೆ, ಅವರ ಹಾಗೆಯೇ, ಗೋಡೆಯ ಬುಡ ನೋಡಿದೆ.

ನೆಲ ಒದ್ದೆಯಾಗಿತ್ತು, ಕಪ್ಪಗಿತ್ತು. ಅದರ ಮೇಲೆ ಒಂದು ಕಾಳಿನಷ್ಟೂ ಬಿಳಿ ಇರಲಿಲ್ಲ.